ಅಡ್ಡ ಸುರಂಗದಿಂದ ಬಂದವನ ದೀಪ

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಒಂದು ಡಬ್ಬಿಯ ಮುಚ್ಚಳದ ಜೊತೆ ಜಗಳವಾಡಿದ್ದು. ಆಸ್ಪತ್ರೆಯವರು ಕೊಟ್ಟ ಚೀಲವನ್ನು ಯಾರೋ ಅಡುಗೆಮನೆಯ ಬಾಗಿಲ ಹಿಂದೆ ನೇತುಹಾಕಿದ್ದರು. ಮನೆ ತುಂಬ ಜನವಿದ್ದರೂ ಅದನ್ನು ತೆರೆಯಬೇಕೆಂದು ಒಬ್ಬರಿಗೂ ಅನ್ನಿಸಿರಲಿಲ್ಲ. ಅದರ ಪಕ್ಕದಲ್ಲೇ ನಿಂತು, ವಾಸನೆ ಎಲ್ಲಿಂದ ಬರುತ್ತಿದೆ ಎಂದು ಒಬ್ಬರನ್ನೊಬ್ಬರು ಕೇಳಿದ್ದರು. ಒಳಗೆ ನನ್ನ ಗಂಡನ ಊಟದ ಡಬ್ಬಿ. ಅರ್ಧ ತಿಂದು ಮುಚ್ಚಳ ಬಿಗಿದಿದ್ದ. ಅವನು ಎಲ್ಲವನ್ನೂ ಹಾಗೇ ಬಿಗಿಯುತ್ತಿದ್ದ. ನಲ್ಲಿ, ಔಷಧಿಯ ಬಾಟಲಿ, ಕೊನೆಗೆ ನನ್ನ ಚಪ್ಪಲಿಯ ಬಕಲ್ಲು ಕೂಡ. ಚಮಚದ ಹಿಡಿಯಿಂದ ಮೀಟಿದೆ, ಬಿಸಿನೀರಿಗೆ ಹಿಡಿದೆ, ನೆಲಕ್ಕೆ ಕುಟ್ಟಿದೆ. ತೆರೆದುಕೊಂಡಾಗ ಮುಖ ತಿರುಗಿಸಿ ಎಲ್ಲವನ್ನೂ ಕಸದ ಬುಟ್ಟಿಗೆ ಸುರಿದೆ.

ಚೀಲದ ತಳದಲ್ಲಿ ಅವನ ತಲೆದೀಪವಿತ್ತು. ಸುರಂಗದ ಕೆಲಸದವರು ಹೆಲ್ಮೆಟ್ಟಿಗೆ ಸಿಕ್ಕಿಸಿಕೊಳ್ಳುವ ದೀಪ. ಅದರಿಂದ ಒಂದು ದಪ್ಪ ವೈರು, ವೈರಿನ ಕೊನೆಗೆ ಸೊಂಟಕ್ಕೆ ಕಟ್ಟುವ ಬ್ಯಾಟರಿ. ಅದು ಮನೆಗೆ ತರುವ ವಸ್ತುವಲ್ಲ. ಇದು ಇಲ್ಲೇಕೆ ಬಂತು ಎಂದು ಯೋಚಿಸುವಷ್ಟರಲ್ಲಿ ಫೋನ್ ಬಂತು. ಸುರಂಗದ ಕಚೇರಿಯಿಂದ, ಹೊಸ ದನಿ. ಅಂದೇ ಕೆಲಸಕ್ಕೆ ಸೇರಿದ ಸುರಕ್ಷತಾ ಅಧಿಕಾರಿಯಂತೆ. ಸಾಹೇಬರಿಗೆ ಫೋನ್ ಕೊಡಿ ಎಂದರು.

“ಅವರಿಲ್ಲ,” ಎಂದೆ.

“ಹೊರಗೆ ಹೋಗಿದ್ದಾರಾ ಮೇಡಂ? ಇಲ್ಲಿ ಹಲಗೆ ನೋಡಿದ್ರೆ ಇನ್ನೂ ಒಳಗಿದ್ದಾರೆ ಅಂತಿದೆ.”

ಸತ್ತಿದ್ದಾರೆ ಎಂದು ಹೇಳಿದೆ. ಆ ಪದವನ್ನು ನಾನು ಅದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಹೋದರು, ತೀರಿಕೊಂಡರು ಎಂದೆಲ್ಲ ಬೇರೆಯವರೇ ನನ್ನ ಪರವಾಗಿ ಹೇಳಿ ಮುಗಿಸಿದ್ದರು. ಆ ಕಡೆ ಸ್ವಲ್ಪ ಹೊತ್ತು ಕಾಗದ ಸರಿದಾಡುವ ಸದ್ದು. ಆಮೇಲೆ ಅಧಿಕಾರಿ ನಿಜವಾಗಿ ನೊಂದ ದನಿಯಲ್ಲಿ, ಹಾಗಾದರೆ ದೀಪವನ್ನು ಯಾರು ತಂದುಕೊಡುತ್ತಾರೆ ಎಂದು ಕೇಳಿದರು.

ಈ ಹಲಗೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಸುರಂಗದ ಬಾಯಲ್ಲಿ ಒಂದು ದೊಡ್ಡ ಹಲಗೆ ಇರುತ್ತದೆ. ಒಂದು ಕಡೆ ‘ಹೊರಗೆ’ ಎಂದು ಬರೆದಿದೆ, ಇನ್ನೊಂದು ಕಡೆ ‘ಒಳಗೆ’. ಕೆಲಸದ ಪ್ರತಿಯೊಬ್ಬರಿಗೂ ಸಂಖ್ಯೆ ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವಾಗ ಬಿಲ್ಲೆಯನ್ನು ‘ಒಳಗೆ’ ಎಂಬ ಕಡೆಯ ಮೊಳೆಗೆ ಹಾಕಿ, ದೀಪದ ಕೋಣೆಯಿಂದ ಅದೇ ಸಂಖ್ಯೆಯ ದೀಪವನ್ನು ಎರವಲು ಪಡೆಯಬೇಕು. ಹೊರಗೆ ಬಂದ ಮೇಲೆ ದೀಪ ಮರಳಿಸಿ ಬಿಲ್ಲೆಯನ್ನು ‘ಹೊರಗೆ’ ಎಂಬ ಕಡೆಗೆ ಬದಲಿಸಬೇಕು. ಒಳಗಿನ ಕಡೆ ಒಂದು ಬಿಲ್ಲೆ ಉಳಿದರೂ ಬಂಡೆ ಸಿಡಿಸುವಂತಿಲ್ಲ. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವಂತೆಯೂ ಇಲ್ಲ. ಹಿಂದೆ ಯಾವುದೋ ಸುರಂಗದಲ್ಲಿ ಒಬ್ಬ, ಗೆಳೆಯ ಮರೆತು ಮನೆಗೆ ಹೋಗಿದ್ದಾನೆಂದುಕೊಂಡು ಉಪಕಾರಕ್ಕೆಂದು ಅವನ ಬಿಲ್ಲೆ ಬದಲಿಸಿದನಂತೆ. ಗೆಳೆಯ ಒಳಗೇ ಇದ್ದ. ಅಂದಿನಿಂದ ಮರೆತವನು ಎಲ್ಲಿದ್ದರೂ ದೀಪ ಹಿಡಿದು ವಾಪಸು ಬರಬೇಕು. ತೀರ ಬರಲಾಗದಿದ್ದರೆ ಅವನ ಮನೆಯವರು ಬರಬೇಕು.

ಈ ನಿಯಮವನ್ನು ನನ್ನ ಗಂಡನಷ್ಟು ಹಟದಿಂದ ಪಾಲಿಸುವವರು ಇರಲಿಲ್ಲ. ಒಮ್ಮೆ ತನ್ನ ಮೇಸ್ತ್ರಿಯನ್ನು ಸ್ನಾನದ ಮನೆಯಿಂದ ಎಬ್ಬಿಸಿ ಕರೆಸಿದ್ದ. ಮೇಸ್ತ್ರಿ ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ಬಂದು ಬಿಲ್ಲೆ ಬದಲಿಸಿ ಹೋದದ್ದನ್ನು ಊಟಕ್ಕೆ ಕೂತಾಗಲೆಲ್ಲ ಹೇಳಿ ನಗುತ್ತಿದ್ದ.

ಇಂಥವನು ಕೊನೆಯ ದಿನ ಹಲಗೆಯಿರುವ ದೊಡ್ಡ ಬಾಯಿಂದ ಒಳಗೆ ಹೋಗಿ ಅಡ್ಡ ಸುರಂಗದಿಂದ ಹೊರಗೆ ಬಂದ. ಅಡ್ಡ ಸುರಂಗವೆಂದರೆ ಒಡೆದ ಕಲ್ಲು ಸಾಗಿಸುವ ಲಾರಿಗಳಿಗಾಗಿ ಬೆಟ್ಟದ ಪಕ್ಕೆಯಿಂದ ಮುಖ್ಯ ಸುರಂಗಕ್ಕೆ ಕೊರೆದ ಚಿಕ್ಕ ದಾರಿ. ಅಲ್ಲಿ ದೀಪದ ಕೋಣೆಯಿಲ್ಲ, ನರ್ಸ್ ಇಲ್ಲ. ಎದುರಿಗೆ ಬಸ್ಸು ನಿಲ್ಲುತ್ತದೆ, ಅಷ್ಟೇ. ಆ ಬಸ್ಸಿನ ಕಂಡಕ್ಟರ್ ಅಂತ್ಯಕ್ರಿಯೆಯ ದಿನ ಬಂದು, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ನನಗೆ ಹೇಳಿದ್ದು ಇಷ್ಟು: ಸಾಹೇಬರು ತುಂಬ ಬೆವರಿದ್ದರು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತರು, ನಮ್ಮ ನಿಲ್ದಾಣದ ಹೆಸರು ಹೇಳಿ ಅಲ್ಲಿ ಎಬ್ಬಿಸಿ ಎಂದರು. ಕಂಡಕ್ಟರ್ ಅಲ್ಲಿ ಎಬ್ಬಿಸಿದರು. ಪಕ್ಕದಲ್ಲಿದ್ದವರು ಅದುವರೆಗೂ ಭುಜ ಕೊಟ್ಟು ಕೂತಿದ್ದರಂತೆ, ನಿದ್ದೆ ಕೆಡಬಾರದೆಂದು.

ಅವನು ಆ ಕಡೆಯಿಂದ ಯಾಕೆ ಬಂದ ಎಂದು ಎಲ್ಲರೂ ನನ್ನನ್ನು ಕೇಳಿದರು. ದೊಡ್ಡ ಬಾಯಿಂದ ಬಂದಿದ್ದರೆ ನರ್ಸ್ ಇರುತ್ತಿದ್ದರು ಎಂದರು. ಆ ಮಾತನ್ನು ದಿನಕ್ಕೆ ಮೂರು ಹೊತ್ತು ಮಾತ್ರೆಯಂತೆ ಕೊಟ್ಟರು. ಯಾಕೆ ಬಂದ ಎಂದು ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಅವನು ಹೊರಗೆ ಬಂದ, ಮನೆಗೆ ಬರುತ್ತಿದ್ದ ಎಂಬುದೊಂದೇ. ನನ್ನ ಪಾಲಿಗೆ ಉಳಿದದ್ದೂ ಅದೊಂದೇ. ಅದನ್ನು ಒಂದು ಮರದ ಹಲಗೆ ಸುಳ್ಳು ಮಾಡುತ್ತಿತ್ತು.

ಹಲಗೆಯ ಪಕ್ಷ ವಹಿಸಿದವರು ನಮ್ಮತ್ತೆ.

ಅತ್ತೆ ಹಜಾರದ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ, ಮಗ ಸುರಂಗದೊಳಗೇ ಹೋದ ಎಂದು ಹೇಳುತ್ತಿದ್ದರು. ಫೋನಿನ ವಿಷಯ ತಿಳಿದ ಮೇಲೆ, ಅಲ್ಲಿನ ಹಲಗೆಯಲ್ಲೇ ಹಾಗಿದೆಯಂತೆ ಎಂದೂ ಸೇರಿಸಿದರು. ಮೊದಮೊದಲು ನಾನು ತಿದ್ದಿದೆ. ನಾನು ತಿದ್ದಿದಷ್ಟೂ ಬಂದವರು ನನ್ನನ್ನು ಕನಿಕರದಿಂದ ನೋಡಿದರು, ಪಾಪ, ಒಪ್ಪಿಕೊಳ್ಳಲಾಗುತ್ತಿಲ್ಲ ಎಂಬಂತೆ.

ಅದಕ್ಕಿಂತ ಕಷ್ಟವಾದದ್ದು ಸುರಂಗದ ಪಾಠ. ಸುರಂಗ ಎಂದರೆ ಜನರ ತಲೆಯಲ್ಲಿ ತಮಗೆ ತೋಚಿದ ಒಂದು ಚಿತ್ರವಿರುತ್ತದೆ, ಸಾವನ್ನು ಅದರೊಳಗೆ ತುರುಕಿದರೆ ಮಾತ್ರ ಅವರಿಗೆ ಸಮಾಧಾನ. ಔಷಧಿ ಅಂಗಡಿಯವರು, ನದಿ ಒಳಗೆ ನುಗ್ಗಿತಾ ಎಂದು ಕೇಳಿದರು. ನದಿಯ ತಳದ ಸುರಂಗ ಬೇರೆ ಜಾತಿ, ಅದನ್ನು ದಡದಲ್ಲಿ ದೊಡ್ಡ ದೊಡ್ಡ ತುಂಡುಗಳಾಗಿ ಕಟ್ಟಿ, ತೇಲಿಸಿಕೊಂಡು ಹೋಗಿ, ತಳದಲ್ಲಿ ತೋಡಿದ ಕಾಲುವೆಗೆ ಮುಳುಗಿಸಿ ಜೋಡಿಸುತ್ತಾರೆ, ನಮ್ಮದು ಬೆಟ್ಟದ ಸುರಂಗ, ಅಲ್ಲಿ ನದಿಯೇ ಇಲ್ಲ ಎಂದೆ. ನಾದಿನಿಯ ಗಂಡ ಮೊಬೈಲಿನಲ್ಲಿ ದೈತ್ಯ ಯಂತ್ರವೊಂದು ಹಲ್ಲು ತಿರುಗಿಸುತ್ತಿರುವುದನ್ನು ತೋರಿಸಿ, ಇದಕ್ಕೆ ಸಿಕ್ಕಿಕೊಂಡರಾ ಎಂದರು. ಅದು ಊರುಗಳ ಕೆಳಗೆ ಕೊರೆಯುವ ಯಂತ್ರ, ನಮ್ಮ ಬೆಟ್ಟದಲ್ಲಿ ಅದು ಇಲ್ಲ ಎಂದೆ. ಪಕ್ಕದ ಮನೆಯ ಟೀಚರ್ ಮೇಲಿನ ಮಣ್ಣು ಕುಸಿದ ಬಗ್ಗೆ ಕೇಳಿದರು. ಮೇಲಿನಿಂದ ತೋಡಿ, ಚಾವಣಿ ಹಾಕಿ, ಮತ್ತೆ ಮಣ್ಣು ಮುಚ್ಚುವ ಸುರಂಗ ರಸ್ತೆಯ ಕೆಳಗೆ ಮಾಡುವಂಥದು ಎಂದೆ. ಬೆಟ್ಟಕ್ಕೆ ರಂಧ್ರ ಕೊರೆದು, ಸಿಡಿಮದ್ದು ತುಂಬಿ, ಎಲ್ಲರೂ ಹೊರಗೆ ಬಂದು, ಸಿಡಿಸಿ, ಕಲ್ಲು ತೆಗೆದು ಮುಂದೆ ಹೋಗುವುದು ನಮ್ಮದು ಎಂದೆ.

“ಅಯ್ಯೋ, ಹಾಗಾದ್ರೆ ಸಿಡಿದೇ ಹೋದದ್ದಾ?” ಎಂದರು ಟೀಚರ್.

ನಾನು ಎದ್ದು ಒಳಗೆ ಹೋಗಿ, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆದೆ.

ಮದುವೆಗೆ ಮುಂಚೆ ನನಗೂ ಸುರಂಗವೆಂದರೆ ಒಂದು ತೂತು. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಇತಿಹಾಸ. ಸೋತ ರಾಜರು ಓಡಿಹೋಗಲು ಮಾಡಿಸಿಕೊಳ್ಳುವ ದಾರಿ ಎಂದಷ್ಟೇ ಗೊತ್ತಿತ್ತು. ಅವನು ಮನೆಯವರನ್ನೇ ಉದಾಹರಣೆಗೆ ಇಟ್ಟುಕೊಂಡು ಕಲಿಸಿದ. ಅವನ ಅಕ್ಕ ತೋಡಿ ಮುಚ್ಚುವ ಜಾತಿ: ಊರೆಲ್ಲ ನೋಡುವಂತೆ ಎಲ್ಲವನ್ನೂ ಅಗೆದು ಹಾಕಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಮೇಲೆ ಹುಲ್ಲು ನೆಡುತ್ತಾಳೆ. ಅಮ್ಮ ಕೊರೆಯುವ ಯಂತ್ರ. ಆ ಯಂತ್ರ ತಾನು ಕೊರೆದ ಹಾದಿಗೆ ಹಿಂದಿನಿಂದ ತಾನೇ ಗೋಡೆ ಕಟ್ಟಿಕೊಳ್ಳುತ್ತ ಹೋಗುತ್ತದಂತೆ. ಆದ್ದರಿಂದ ಹಾದಿ ಹಿಂದೆ ಕಿರಿದಾಗಿರುತ್ತದೆ, ಅದು ಮುಂದಕ್ಕೆ ಹೋಗಬಲ್ಲದು, ಹಿಂದಕ್ಕೆ ಬರಲಾರದು. “ಅಮ್ಮನಿಗೂ ಅಷ್ಟೇ. ಒಂದು ಮಾತು ಹಿಡಿದ್ರೆ ರಿವರ್ಸ್ ಗೇರ್ ಇಲ್ಲ.” ನಾನು ನದಿಯ ತಳಕ್ಕೆ ಮುಳುಗಿಸುವ ಕೊಳವೆಯಂತೆ. ಎಲ್ಲವನ್ನೂ ಒಣ ನೆಲದಲ್ಲಿ ತಯಾರು ಮಾಡಿಕೊಂಡು ಬಂದು ಸದ್ದಿಲ್ಲದೆ ಮುಳುಗುತ್ತೇನಂತೆ.

ಅತ್ತೆ ಇದಕ್ಕೆಲ್ಲ ಸರಿಯಾಗಿ ತಿರುಗಿಸಿ ಕೊಡುತ್ತಿದ್ದರು. ಮಗನನ್ನು ಕರೆಯುತ್ತಿದ್ದದ್ದೇ ಹೆಗ್ಗಣ ಎಂದು. ಚಿಕ್ಕಂದಿನಲ್ಲಿ ಕತ್ತಲೆಂದರೆ ಪ್ರಾಣ ಬಿಡುತ್ತಿದ್ದ, ನಡುಮನೆಯ ದೀಪ ಆರಿಸಿದರೆ ಊರು ಏಳುವಂತೆ ಕೂಗುತ್ತಿದ್ದ, ಕಾಲೇಜಿಗೆ ಹೋಗುವವರೆಗೂ ದೀಪ ಹಚ್ಚಿಕೊಂಡೇ ಮಲಗುತ್ತಿದ್ದ, ಅಂಥ ಪುಕ್ಕಲ ಈಗ ಬೆಟ್ಟದ ಹೊಟ್ಟೆಗೆ ಹೋಗುತ್ತಾನಂತೆ, ಯಾರಿಗೆ ಹೇಳೋಣ ನಮ್ಮ ಹೆಗ್ಗಣದ ಪ್ರತಾಪ ಎಂದು ಅವನೆದುರಿಗೇ ಹೇಳುತ್ತಿದ್ದರು. ಅವನು ನಗುತ್ತ, ಅದಕ್ಕೇ ಅಮ್ಮಾ, ತಲೆ ಮೇಲೆ ದೀಪ ಕೊಟ್ಟಿರೋದು ಎನ್ನುತ್ತಿದ್ದ.

ಅಧಿಕಾರಿ ಮತ್ತೆ ಮತ್ತೆ ಫೋನ್ ಮಾಡಿದರು. ಪ್ರತಿ ಸಲವೂ ಮೊದಲು ಸಂತಾಪ, ಆಮೇಲೆ ದೀಪ. ನಾನು ಕೊಡುತ್ತೇನೆಂದೇ ಹೇಳಿದ್ದೆ. ಆದರೆ ಚೀಲದಲ್ಲಿ ದೀಪ ಇರಲಿಲ್ಲ. ಕೊನೆಗೆ ಒಂದು ಸಂಜೆ ಜೀಪು ಬಂತು. ಇಳಿದವರು ಮೇಸ್ತ್ರಿ, ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡು ಹೋದ ಅದೇ ಮೇಸ್ತ್ರಿ. ಕೂರಿ ಎಂದರೂ ಕೂರಲಿಲ್ಲ. ಎರಡೂ ಕಡೆಯಿಂದ ಕೊರೆದುಕೊಂಡು ಬಂದ ಸುರಂಗ ಇನ್ನೇನು ಕೂಡಬೇಕಂತೆ. ನಡುವೆ ಗೋಡೆಯಷ್ಟು ಬಂಡೆ ಉಳಿದಿದೆಯಂತೆ. ಈ ಕಡೆ ಕಿವಿ ಇಟ್ಟರೆ ಆ ಕಡೆಯವರು ಕೊರೆಯುವ ಸದ್ದು ಕೇಳುತ್ತದಂತೆ. ಆದರೆ ಬಿಲ್ಲೆ ಒಳಗಿದೆ, ಕೆಲಸ ನಿಂತಿದೆ. ಅಧಿಕಾರಿ ಬೇಸತ್ತು, ಇದೊಂದು ಸಲ ನಾನೇ ತೆಗೆದುಬಿಡುತ್ತೇನೆ ಎಂದಾಗ ಕೆಲಸದವರು ಅಡ್ಡ ನಿಂತರಂತೆ.

“ಯಾರದ್ದಾದ್ರೂ ಆಗ್ಲಿ, ಮುಟ್ಟಬಾರ್ದು ಅಂತ ಕಲಿಸಿದ್ದೇ ಸಾಹೇಬರು ಅಕ್ಕಾ,” ಎಂದರು ಮೇಸ್ತ್ರಿ. “ಅವರದ್ದನ್ನೇ ಮುಟ್ಟೋದು ಹೇಗೆ?”

ನಾಳೆ ಬೆಳಿಗ್ಗೆ ಬನ್ನಿ ಎಂದು ಅವರನ್ನು ಕಳಿಸಿ, ಹಜಾರಕ್ಕೆ ಹೋಗಿ ಅತ್ತೆಯ ಎದುರು ನಿಂತೆ. ಅವರು ಸಂಜೆಯ ಬೆಳಕಿನಲ್ಲಿ ಮಗನ ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತಿದ್ದರು. ಯಾರು ಹಾಕಿಕೊಳ್ಳಬೇಕೆಂದು ನಾನು ಕೇಳಲಿಲ್ಲ.

“ದೀಪ ಎಲ್ಲಿ ಅತ್ತೆ?”

“ಯಾವ ದೀಪ?”

“ನಿಮ್ಮ ಮಂಚದ ಕೆಳಗೆ, ಟ್ರಂಕಲ್ಲಿ ಇರೋದು.”

“ಗೊತ್ತಿದ್ಮೇಲೆ ಯಾಕೆ ಕೇಳ್ತೀಯ?” ದಾರವನ್ನು ಹಲ್ಲಿನಿಂದ ಕಡಿದರು. “ಕೊಡಲ್ಲ. ಅದನ್ನ ಕೊಟ್ರೆ ಅವನು ಹೊರಗೆ ಬಂದ ಅಂತಾಗುತ್ತೆ.”

“ಬಂದಿದ್ರು.”

“ಬೆಟ್ಟ ಕೊರೆದವನು ಕಣೇ ನನ್ನ ಮಗ. ಬಸ್ಸಲ್ಲಿ ಯಾರದೋ ಹೆಗಲ ಮೇಲೆ ತೂಕಡಿಸ್ತಾ ಹೋದ ಅಂತ ನಾಲ್ಕು ಜನರ ಮುಂದೆ ಹೇಳ್ಲಾ? ಒಳಗಿದ್ದ. ಕೆಲಸ ಮಾಡ್ತಾ ಇದ್ದ. ಅಲ್ಲೇ ಹೋದ. ಅವರ ಹಲಗೇಲೂ ಹಾಗೇ ಇದೆ. ಹಾಗೇ ಇರ್ಲಿ ಬಿಡು. ನಿನಗೇನು ಕಳ್ಕೊಳ್ಳೋದಿದೆ?”

ಅವನು ಹೇಳಿದ್ದು ನಿಜ, ರಿವರ್ಸ್ ಗೇರ್ ಇರಲಿಲ್ಲ. ಎಷ್ಟೋ ದಿನದಿಂದ ಔಷಧಿ ಅಂಗಡಿಯವರಿಗೆ, ನಾದಿನಿಯ ಗಂಡನಿಗೆ, ಟೀಚರಿಗೆ, ಅಧಿಕಾರಿಗೆ ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿತ್ತು. ಇನ್ನೊಮ್ಮೆ ವಿವರಿಸುವ ಶಕ್ತಿ ಇರಲಿಲ್ಲ. ಹಾಗಾಗಿ ಅವರ ಮಾತನ್ನೇ ಒಪ್ಪಿಕೊಂಡೆ.

“ಸರಿ ಅತ್ತೆ. ಒಳಗೇ ಇದ್ದಾರೆ. ದೀಪ ಇಲ್ಲಿ ನಿಮ್ಮ ಟ್ರಂಕಲ್ಲಿದೆ. ಹಾಗಾದ್ರೆ ಆ ಕತ್ತಲಲ್ಲಿ ಏನಿಟ್ಕೊಂಡು ಕೂತಿದ್ದಾರೆ?”

ಅತ್ತೆ ಸೂಜಿಯನ್ನು ಅಂಗಿಗೆ ಚುಚ್ಚಿ ನಿಲ್ಲಿಸಿದರು. ನಾನು ಅದನ್ನು ಕೋಪದಲ್ಲಿ ಹೇಳಿದ್ದೆ. ಹೇಳಿದ ಮೇಲೆ ನನಗೂ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ, ಪಾತ್ರೆಗಳ ಸ್ಟ್ಯಾಂಡಿನಲ್ಲಿ ಊಟದ ಡಬ್ಬಿಯ ಪಕ್ಕ, ಲೋಟಗಳ ನಡುವೆ, ಸುರಂಗದ ದೀಪ ಬೋರಲು ಬಿದ್ದಿತ್ತು. ವೈರನ್ನು ಸುರುಳಿ ಸುತ್ತಿ ದಾರ ಕಟ್ಟಿದ್ದರು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಪಾತ್ರೆ ತೊಳೆಯುವ ಸೋಪಿನ ವಾಸನೆ.

“ಅತ್ತೆ, ಇದನ್ನ ನೀರಲ್ಲಿ ತೊಳೆದ್ರಾ?”

“ಮತ್ತೆ? ಆ ಕೊಳಕನ್ನ ಹಾಗೇ ಕೊಡೋಕಾಗುತ್ತಾ?” ಅವರು ಒಲೆಯ ಕಡೆ ತಿರುಗಿಯೇ ಇದ್ದರು. “ಕೊಟ್ಟು ಬಾ. ನೀನೇ ಹೋಗು. ಆ ಮೇಸ್ತ್ರಿ ಕೈಲಿ ಕಳಿಸ್ಬೇಡ, ಬೀಳಿಸ್ತಾನೆ.”

ನನ್ನ ಹಳೆಯ ಟವೆಲಿನಲ್ಲಿ ದೀಪ ಸುತ್ತಿಕೊಂಡು ಜೀಪು ಹತ್ತಿದೆ. ಹಾಳಾಗಿರುತ್ತದೆ ಎಂದು ದಾರಿಯುದ್ದಕ್ಕೂ ಚಡಪಡಿಸಿದೆ. ಗಂಡ ಸತ್ತ ಮೇಲೆ ನನಗೆ ಆದ ಮೊದಲ ಗಾಬರಿ ಅದು, ಒಂದು ದೀಪ ಕೆಟ್ಟಿದೆಯೋ ಏನೋ ಎಂದು. ಮೇಸ್ತ್ರಿ ಹಳ್ಳ ದಿಣ್ಣೆ ಬಂದಾಗಲೆಲ್ಲ ನನ್ನ ತೊಡೆಯ ಮೇಲಿನ ಗಂಟನ್ನೊಮ್ಮೆ ನೋಡುತ್ತಿದ್ದರು.

ದೊಡ್ಡ ಬಾಯಿ ನಾನಂದುಕೊಂಡಷ್ಟು ದೊಡ್ಡದಿರಲಿಲ್ಲ. ತಗಡಿನ ಶೆಡ್ಡುಗಳು, ತೊಯ್ದ ಸಿಮೆಂಟಿನ ವಾಸನೆ, ಗಾಳಿ ಒಳಗೆ ತಳ್ಳುವ ದಪ್ಪ ಹಳದಿ ಕೊಳವೆ. ಕೆಲಸದವರು ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ನೋಡಿ ಹೆಲ್ಮೆಟ್ಟು ತೆಗೆದು, ಅಲ್ಲಿ ಹೆಲ್ಮೆಟ್ಟು ತೆಗೆಯುವಂತಿಲ್ಲವೆಂದು ನೆನಪಾಗಿ ಮತ್ತೆ ಹಾಕಿಕೊಂಡರು. ಸುರಕ್ಷತಾ ಅಧಿಕಾರಿ ಓಡಿ ಬಂದರು. ಫೋನಿನಲ್ಲಿ ಕೇಳಿದ್ದಕ್ಕಿಂತ ಚಿಕ್ಕ ವಯಸ್ಸು. ಸಂತಾಪ ಹೇಳಲು ಬಾಯಿ ತೆರೆದರು. ದೀಪ ತಂದಿದ್ದೇನೆ ಎಂದೆ.

ಹಲಗೆ ನೋಡಿದೆ. ಒಂದು ಕಡೆ ಬಿಲ್ಲೆಗಳು ಒತ್ತೊತ್ತಾಗಿ ತೂಗುತ್ತಿದ್ದವು. ಇನ್ನೊಂದು ಕಡೆ ಖಾಲಿ ಮೊಳೆಗಳ ಸಾಲು, ನಡುವೆ ಅವನದೊಂದು.

ದೀಪದ ಕೋಣೆಯ ಕಿಟಕಿಯಲ್ಲಿ ದೀಪಣ್ಣ ಕೂತಿದ್ದರು. ಎಲ್ಲರೂ ಅವರನ್ನು ಹಾಗೇ ಕರೆಯುವುದು. ನನ್ನ ಗಂಡ ಅವರ ಬೈಗುಳಗಳನ್ನು ಮನೆಯಲ್ಲಿ ಅನುಕರಿಸಿ ತೋರಿಸುತ್ತಿದ್ದ, ಹಾಗಾಗಿ ಗಂಟುಮುಖ ಪರಿಚಯದ್ದೇ ಎನ್ನಿಸಿತು. ಟವೆಲು ಬಿಚ್ಚಿ ದೀಪವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ದೀಪಣ್ಣ ಅದನ್ನೆತ್ತಿ ಮೂಗಿನ ಹತ್ತಿರ ಹಿಡಿದರು.

“ಯಾರು ತೊಳೆದದ್ದು?”

“ಅವರಮ್ಮ.”

“ನಾನು ಈ ಕಿಟಕೀಲಿ ಕೂತಾಗಿಂದ ಒಬ್ಬನೇ ಒಬ್ಬ ದೀಪ ಒರೆಸಿ ಕೊಟ್ಟಿಲ್ಲ,” ಎಂದರು, ನನ್ನನ್ನೇ ಬೈಯುವಂತೆ. ದಾರ ಬಿಚ್ಚಿ, ವೈರು ನೇರ ಮಾಡಿ, ಬ್ಯಾಟರಿಯ ಮೂಲೆಗಳನ್ನು ನೋಡಿ ಗುಂಡಿ ಒತ್ತಿದರು. ಹತ್ತಲಿಲ್ಲ. ಅಂಗೈಗೆ ಎರಡು ಸಲ ಬಡಿದು ಮತ್ತೆ ಒತ್ತಿದರು. ದೀಪ ಹತ್ತಿತು, ಮಂಕಾಗಿ, ಹಳದಿಯಾಗಿ. ಇಷ್ಟು ದಿನವೂ ಅದರಲ್ಲಿ ಅಷ್ಟು ಬೆಳಕು ಉಳಿದಿತ್ತು.

ದೀಪ ಮರಳಿಸಿದ ಪ್ರತಿಯೊಬ್ಬರಿಗೂ ಅವರು ಒಂದು ಪ್ರಶ್ನೆ ಕೇಳಬೇಕು. ಅದು ಅವರ ಕೆಲಸ. ಸುರಂಗಕ್ಕೆ ಮೂರು ಬಾಯಿಗಳಿವೆ, ಯಾರು ಎಲ್ಲಿಂದ ಬಂದರೆಂದು ಗೊತ್ತಿರಬೇಕು. ನನ್ನನ್ನು ಕೇಳಬೇಕೋ ಬೇಡವೋ ಎಂದು ಅವರು ಒಂದು ಗಳಿಗೆ ತಡೆದರು. ಅಧಿಕಾರಿ ಬೇಡವೆಂಬಂತೆ ಕೈ ಅಲ್ಲಾಡಿಸಿದರು. ದೀಪಣ್ಣ ಅವರ ಕಡೆ ನೋಡಲಿಲ್ಲ.

“ಯಾವ ಬಾಯಿಂದ ಬಂದದ್ದು?”

ಗೋಡೆಗೆ ಒರಗಿದ್ದವರೆಲ್ಲ ಕೇಳುತ್ತಿದ್ದರು. ಮೇಸ್ತ್ರಿ ಕೇಳುತ್ತಿದ್ದರು.

“ಅಡ್ಡ ಸುರಂಗದಿಂದ,” ಎಂದೆ. “ಹೊರಗೆ ಬಂದು ಬಸ್ಸು ಹತ್ತಿದ್ರು. ಮನೆಗೆ ಬರ್ತಾ ಇದ್ರು.”

“ಆ ಕಡೆಯಿಂದ ಬಂದವರು ಅವತ್ತೇ ಸುತ್ತಿ ಬಂದು ದೀಪ ಕೊಡಬೇಕು,” ಎಂದರು ದೀಪಣ್ಣ. ಎಲ್ಲರಿಗೂ ಹೇಳುವ ಮಾತು, ಬಾಯಿಗೆ ಬಂದುಬಿಟ್ಟಿತ್ತು. ಹೇಳಿದ ಮೇಲೆ ತಲೆ ತಗ್ಗಿಸಿದರು.

“ಗೊತ್ತು. ಅವರಿಗೂ ಗೊತ್ತಿತ್ತು.”

ಅವರು ದೀಪವನ್ನು ಆರಿಸಿ, ಹಿಂದಿನ ಗೋಡೆಯಲ್ಲಿ ಅದರ ಸಂಖ್ಯೆಯ ಕೊಕ್ಕೆಗೆ ನೇತುಹಾಕಿ, ಚಾರ್ಜಿಗೆ ಸಿಕ್ಕಿಸಿದರು. ಅಲ್ಲಿ ಒಂದು ಚಿಕ್ಕ ಕೆಂಪು ಚುಕ್ಕೆ ಹೊತ್ತಿಕೊಂಡಿತು. ಆಮೇಲೆ ಗದ್ದದಿಂದ ಹಲಗೆಯ ಕಡೆ ತೋರಿಸಿದರು.

ನಾನು ಹೋಗಿ ಅವನ ಬಿಲ್ಲೆಯನ್ನು ತೆಗೆದು ಈಚೆ ಕಡೆಗೆ ಹಾಕಿದೆ.